ಗಾಯದ ಅಚ್ಚು: ಸೋಮನಾಥ ಹೋರರ ರೇಖೆ

ಪರರ ನೋವನ್ನು ಚಿತ್ರಿಸುವ ಕಲಾವಿದನ ಕೈ ಎಷ್ಟು ಪಳಗಿರಬೇಕು? ಪಳಗಿದಷ್ಟೂ ಒಳಿತಲ್ಲವೇ ಎಂದು ಓದುಗರು ಕೇಳಿಯಾರು. ಆದರೆ ಹಸಿವಿನಿಂದ ಬಿದ್ದ ದೇಹವೊಂದನ್ನು ಸೊಗಸಾದ ಗೆರೆಯಲ್ಲಿ ಹಿಡಿದಾಗ, ನೋಡುವವನ ಕಣ್ಣು ಗೆರೆಯ ಚೆಲುವಿನಲ್ಲಿಯೇ ತಂಗಿ ದೇಹವನ್ನು ಮರೆಯುವ ಅಪಾಯವುಂಟು. ಬಂಗಾಳದ ಸೋಮನಾಥ ಹೋರರು (1921–2006) ತಮ್ಮ ಸುದೀರ್ಘ ಕಲಾಜೀವನದುದ್ದಕ್ಕೂ ಈ ಅಪಾಯದೊಡನೆ ಸೆಣಸಿದವರೆಂದು ನನ್ನ ಭಾವನೆ.

ಚಿತ್ತಗಾಂಗ್ ಸೀಮೆಯಲ್ಲಿ ಹುಟ್ಟಿದ ಹೋರರಿಗೆ ರೇಖೆಯ ಮೊದಲ ಪಾಠ ದೊರೆತದ್ದು ಕಲಾಶಾಲೆಯಲ್ಲಲ್ಲ, 1943ರ ಕ್ಷಾಮದ ಬೀದಿಗಳಲ್ಲಿ. ಇಪ್ಪತ್ತರಿಂದ ಮೂವತ್ತು ಲಕ್ಷ ಜನರನ್ನು ಬಲಿತೆಗೆದುಕೊಂಡಿತೆಂದು ಅಂದಾಜಿಸಲಾದ ಆ ಕ್ಷಾಮದಲ್ಲಿ, ಕಲಾವಿದ ಚಿತ್ತಪ್ರಸಾದರ ಪ್ರೇರಣೆಯಿಂದ ಅವರು ಕಂಡದ್ದನ್ನು ಕಂಡಲ್ಲಿಯೇ ಬರೆದರು. ಆ ಚಿತ್ರಗಳು ಕಮ್ಯುನಿಸ್ಟ್ ಪಕ್ಷದ 'ಜನಯುದ್ಧ' ಪತ್ರಿಕೆಯಲ್ಲಿ ಅಚ್ಚಾದವು. 1946ರಲ್ಲಿ ಉತ್ತರ ಬಂಗಾಳದ ಗೇಣಿದಾರರು ಬೆಳೆಯ ಅರ್ಧದ ಬದಲು ಮೂರರಲ್ಲಿ ಎರಡು ಪಾಲು ತಮಗೆ ಸಲ್ಲಬೇಕೆಂದು ಎದ್ದಾಗ, ಹೋರರು ಅವರ ನಡುವೆ ಹೋಗಿ ಬರಹ, ರೇಖಾಚಿತ್ರಗಳೆರಡೂ ಕೂಡಿದ ದಿನಚರಿಯನ್ನಿಟ್ಟರು. ತೇಭಾಗಾ ದಿನಚರಿಯೆಂದು ಹೆಸರಾದ ಅದರಲ್ಲಿ ಪ್ರತಿಯೊಬ್ಬ ರೈತನಿಗೂ ಅವನದೇ ಮುಖವಿದೆ.

ಮುಂದೆ ಕಲ್ಕತ್ತೆಯ ಕಲಾಶಾಲೆ, ದಿಲ್ಲಿಯ ಅಧ್ಯಾಪನ, ಕಡೆಗೆ ಶಾಂತಿನಿಕೇತನ. ಮರದಚ್ಚಿನಿಂದ ಲೋಹಫಲಕಕ್ಕೂ ಕೊರೆಯುವ ಆಮ್ಲಕ್ಕೂ ಅವರ ಕೈ ಸಾಗಿತು. ಈ ಹಂತದ ಕೃತಿಗಳಲ್ಲಿ ಕೌಶಲವು ಕೆಲವೊಮ್ಮೆ ವಿಷಯಕ್ಕಿಂತ ಮುಂದೆ ಓಡುತ್ತದೆಂಬುದನ್ನು ಹೇಳದಿರಲಾಗದು.

1971ರ ಸುಮಾರಿಗೆ ಆರಂಭವಾದ 'ಗಾಯಗಳು' ಸರಣಿಯಲ್ಲಿ ಎಲ್ಲವೂ ಬದಲಾಯಿತು. ಹೋರರು ಮಣ್ಣಿನ ಅಥವಾ ಮೇಣದ ಹಾಳೆಯನ್ನು ಚೂರಿಯಿಂದ ಸೀಳಿದರು, ಕಾಯಿಸಿದ ಉಪಕರಣದಿಂದ ಸುಟ್ಟರು. ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಅದರೊಳಗೆ ಒದ್ದೆ ಕಾಗದದ ತಿರುಳನ್ನು ಒತ್ತಿದರು. ಶಾಯಿಯಿಲ್ಲ, ಬಿಳಿಯ ಮೇಲೆ ಬಿಳಿ, ಎಲ್ಲೋ ಒಮ್ಮೊಮ್ಮೆ ಕೆಂಪಿನ ಸುಳಿವು. ಗೆರೆಯೆಂದು ನಾವು ಕರೆಯುವುದು ಇಲ್ಲಿ ಒಂದು ಸೀಳು, ಒಂದು ಬಾವು, ಒಂದು ಮಾಯದ ಕಲೆ. ಓರೆಬೆಳಕು ಬಿದ್ದರೆ ಮಾತ್ರ ಅದು ಕಾಣುತ್ತದೆ. ಪುಸ್ತಕಗಳಲ್ಲಿನ ಛಾಯಾಚಿತ್ರ ನೋಡಿ ಇದನ್ನು ಬರಿಯ ಅಮೂರ್ತ ಕಲೆಯೆಂದು ತಳ್ಳಿಹಾಕುವವರು ಮೂಲದ ಮುಂದೆ ನಿಂತಿರಲಾರರು. ಲಾರಿಯ ಚಕ್ರ ಕೊರೆದ ರಸ್ತೆಯಲ್ಲಿ, ಕಚ್ಚುಬಿದ್ದ ಮರದಲ್ಲಿ ತಮಗೆ ಗಾಯವೇ ಕಾಣುತ್ತಿತ್ತೆಂದು ಹೋರರು ಹೇಳಿಕೊಂಡದ್ದುಂಟು.

ಆದರೂ ನನ್ನದೊಂದು ಆಕ್ಷೇಪವಿದೆ. ದಿನಚರಿಯಲ್ಲಿ ಅನ್ಯಾಯಕ್ಕೆ ಕಾರಣವಿತ್ತು, ಲೆಕ್ಕವಿತ್ತು: ಅರ್ಧವೋ, ಮೂರರಲ್ಲಿ ಎರಡೋ. ಇಲ್ಲಿ ಗಾಯಗೊಂಡವನೂ ಇಲ್ಲ, ಗಾಯಗೊಳಿಸಿದವನೂ ಇಲ್ಲ. ಅಪರಾಧಿಯಿಲ್ಲದ ನೋವು ನೋಡುಗನಿಗೆ ತುಸು ಸುಲಭವಾಗಿ ಒಗ್ಗಿಬಿಡುತ್ತದಲ್ಲವೇ?

ಇದಕ್ಕೆ ಉತ್ತರ ಕೃತಿಯ ರೀತಿಯಲ್ಲಿಯೇ ಇದೆಯೇನೋ. ಚೂರಿ ಹಿಡಿದ ಕೈ ಕಲಾವಿದನದೇ. ಕ್ಷಾಮದ ಚಿತ್ರದಲ್ಲಿ ಅವರು ಸಾಕ್ಷಿ. ಇಲ್ಲಿ ಮೇಣವನ್ನು ಸೀಳುವವರು ಅವರೇ, ಆ ಸೀಳಿನ ಗುರುತನ್ನು ಮೆತ್ತನೆಯ ತಿರುಳಿನಲ್ಲಿ ಕಾದಿಡುವವರೂ ಅವರೇ. ದ್ರವ್ಯಹಿಂಸೆ, ಭಾವಹಿಂಸೆಗಳನ್ನು ಬೇರ್ಪಡಿಸಿ ನೋಡಲು ಕಲಿತ ನಮ್ಮ ಓದುಗರಿಗೆ ಇದು ಕೇವಲ ತಂತ್ರದ ಮಾತಾಗಿ ಕಾಣದು. ಯಾರ ರಕ್ತವೂ ಹರಿಯದ ಈ ಸೀಳಿನಲ್ಲಿ ಕಲಾವಿದ ತಾನು ನಿರ್ದೋಷಿಯೆಂದು ಹೇಳಿಕೊಳ್ಳುವುದಿಲ್ಲ. ಆಕ್ಷೇಪವನ್ನು ಇದು ಪೂರ್ತಿ ಅಳಿಸುತ್ತದೆಂದು ನಾನು ಹೇಳಲಾರೆ. ಮೆಲ್ಲನೆ ನುಡಿಯುವಂತೆ ಮಾಡುತ್ತದೆ.

ಎಪ್ಪತ್ತರ ದಶಕದಲ್ಲಿಯೇ ಹೋರರು ಕಂಚಿನತ್ತ ತಿರುಗಿದರು. ಮೇಣದ ಹಾಳೆಗಳನ್ನು ಹರಿದು, ಮಡಚಿ, ಬೆಸೆದು ಎರಕಹೊಯ್ದ ಆ ಪುಟ್ಟ ಪ್ರತಿಮೆಗಳಲ್ಲಿ ಬೆಸುಗೆಯ ಒರಟನ್ನು ಉಜ್ಜಿ ನಯಗೊಳಿಸಲಿಲ್ಲ. ಪಕ್ಕೆಲುಬು ಎದ್ದ ತಾಯಿ, ಮಗು, ನಾಯಿ, ಆಡು: 1943ರ ಬೀದಿಯಲ್ಲಿ ಬರೆದ ದೇಹಗಳೇ ಅಲ್ಲಿ ಮತ್ತೆ ಎದ್ದು ಕುಳಿತಿವೆ.