ಅಡ್ಡಗೆರೆಯ ಇತಿಹಾಸ

ಧಾರವಾಡದ ಸಪ್ತಾಪುರದ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ನಾನು ಕೊಂಡ ಇತಿಹಾಸದ ಗೈಡಿಗೆ ರಕ್ಷಾಪುಟ ಇರಲಿಲ್ಲ. ಬರೆದವರ ಹೆಸರಿದ್ದ ಹಾಳೆಯೂ ಹರಿದುಹೋಗಿತ್ತು. ಆದರೆ ಓದಿದವರ ಗುರುತು ಪುಟಪುಟದಲ್ಲೂ ಇತ್ತು. ಒಬ್ಬರು ಕೆಂಪು ಪೆನ್ನಿನಲ್ಲಿ ಇಸವಿಗಳಿಗೆಲ್ಲ ಸುತ್ತು ಹಾಕಿದ್ದರು. ಇನ್ನೊಬ್ಬರು ನೀಲಿ ಶಾಯಿಯಲ್ಲಿ ಹೆಸರುಗಳ ಕೆಳಗೆ ಗೆರೆ ಎಳೆದಿದ್ದರು. ಮೂರನೆಯವರದು ಪೆನ್ಸಿಲ್, ಮೊದಲ ನಲವತ್ತು ಪುಟಗಳ ನಂತರ ಆ ಪೆನ್ಸಿಲ್ ಕಾಣಿಸುವುದಿಲ್ಲ. ಅವರಿಗೆ ನೌಕರಿ ಸಿಕ್ಕಿತೋ, ಬೇಸರ ಬಂತೋ ಎಂದು ಬಹಳ ದಿನ ಯೋಚಿಸಿದ್ದೇನೆ.

ನಾನು ಹಸ್ತಪ್ರತಿಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವವನು. ಲಿಪಿಕಾರ ಎಲ್ಲಿ ಅಕ್ಷರ ಬಿಟ್ಟ, ಎಲ್ಲಿ ತನ್ನದನ್ನು ಸೇರಿಸಿದ ಎಂದು ಹುಡುಕುವುದೇ ನಿತ್ಯದ ಕೆಲಸ. ಫೆಲೋಶಿಪ್ಪಿನ ದಿನಗಳು ಮುಗಿಯುತ್ತ ಬಂದಂತೆ, ಸದಲಗಾದಿಂದ ಅಪ್ಪ ಮಾಡುವ ಫೋನಿನಲ್ಲಿ ಕಬ್ಬಿನ ಬಿಲ್ಲಿನ ಮಾತಿನ ಜೊತೆಗೆ ‘ಮುಂದೇನು?’ ಎಂಬ ಮಾತೂ ಸೇರತೊಡಗಿತು. ಹಾಗಾಗಿ ಹಗಲು ಹಸ್ತಪ್ರತಿ, ರಾತ್ರಿ ಗೈಡು. ಕೆಲವೇ ವಾರಗಳಲ್ಲಿ ಗೈಡನ್ನೂ ಹಸ್ತಪ್ರತಿಯಂತೆಯೇ ಓದತೊಡಗಿದ್ದೆ. ನಮ್ಮ ತಲೆಮಾರಿನ ಸಾವಿರಾರು ಜನ ಅತಿ ಹೆಚ್ಚು ಸಲ ತಿರುವಿಹಾಕುವ ಕನ್ನಡ ಗದ್ಯ ಇದು. ಆದರೂ ಇದನ್ನು ಗದ್ಯವೆಂದು ಎಣಿಸಿ ಯಾರೂ ವಿಮರ್ಶೆ ಬರೆಯುವುದಿಲ್ಲ. ಬರೆಯಬೇಕು ಅನ್ನಿಸಿದ್ದರಿಂದ ಈ ಲೇಖನ.

ಗೈಡಿನ ವಾಕ್ಯಕ್ಕೆ ಕ್ರಿಯಾಪದ ಇಲ್ಲ. ಅದರ ಜಾಗದಲ್ಲಿ ಒಂದು ಅಡ್ಡಗೆರೆ ಇದೆ. ‘1824 – ಕಿತ್ತೂರು – ಥ್ಯಾಕರೆ ಹತ್ಯೆ.’ ‘1890 – ಕರ್ನಾಟಕ ವಿದ್ಯಾವರ್ಧಕ ಸಂಘ – ರಾ.ಹ. ದೇಶಪಾಂಡೆ.’ ‘1924 – ಬೆಳಗಾವಿ ಕಾಂಗ್ರೆಸ್ ಅಧಿವೇಶನ – ಗಾಂಧೀಜಿ.’ ಈ ಅಡ್ಡಗೆರೆ ಬಹಳ ಕೆಲಸ ಮಾಡುತ್ತದೆ. ಒಮ್ಮೆ ಅದು ‘ಸ್ಥಾಪಿಸಿದರು’, ಒಮ್ಮೆ ‘ಸತ್ತರು’, ಒಮ್ಮೆ ‘ಅಧ್ಯಕ್ಷತೆ ವಹಿಸಿದರು’. ಓದುವವನಿಗೆ ಮೊದಲೇ ಗೊತ್ತಿದ್ದರೆ ಗೆರೆ ತುಂಬಿಕೊಳ್ಳುತ್ತದೆ. ಗೊತ್ತಿಲ್ಲದಿದ್ದರೆ ಅದು ಬರೀ ಗೆರೆ. ನೆನಪಿಸಿಕೊಳ್ಳಲು ಮಾಡಿದ ಪುಸ್ತಕವನ್ನು ನಾವು ಕಲಿಯಲು ಬಳಸುತ್ತಿದ್ದೇವೆ. ಮೊದಲ ತೊಡಕು ಇಲ್ಲಿದೆ.

ಈ ತೊಡಕು ನನಗೆ ನಿಚ್ಚಳವಾಗಿ ಕಂಡದ್ದು ದೀಪಾವಳಿಗೆ ಊರಿಗೆ ಹೋದಾಗ. ತಂಗಿ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಳು. ನನ್ನ ಗೈಡನ್ನು ಎರಡು ದಿನ ತಿರುವಿ ಹಾಕಿ, ಮೂರನೆಯ ದಿನ ಕೇಳಿದಳು: “ಅಣ್ಣಾ, ಅಂದ್ರ ಡಾಲ್‌ಹೌಸಿ ಕಾಯ್ದೆ ತಂದಾ ಅಂತ ಚೆನ್ನಮ್ಮ ಯುದ್ಧಕ್ಕ ನಿಂತಳು, ಹೌದಿಲ್ಲೋ?”

ಅವಳ ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ಭಾರತದ ಇತಿಹಾಸದ ಭಾಗದಲ್ಲಿ ‘ದತ್ತು ಮಕ್ಕಳಿಗೆ ಹಕ್ಕಿಲ್ಲ ನೀತಿ – ಡಾಲ್‌ಹೌಸಿ’ ಎಂದಿತ್ತು. ನೂರಾರು ಪುಟ ದಾಟಿ ಕರ್ನಾಟಕದ ಭಾಗದಲ್ಲಿ ‘ಕಿತ್ತೂರು – ದತ್ತು ಪುತ್ರನ ನಿರಾಕರಣೆ’ ಎಂದಿತ್ತು. ಎರಡೂ ಸರಿ. ತಂಗಿ ಎರಡನ್ನೂ ಸೇರಿಸಿದ್ದಳು. ಬುದ್ಧಿ ಇರುವ ಯಾರಾದರೂ ಸೇರಿಸುತ್ತಾರೆ. ಆದರೆ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಅವನು ಹುಟ್ಟಿದ್ದು 1812ರಲ್ಲಿ. ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದ 1824ರ ಅಕ್ಟೋಬರ್‌ನಲ್ಲಿ ಅವನಿನ್ನೂ ಹನ್ನೆರಡು ವರ್ಷದ ಹುಡುಗ. ಚೆನ್ನಮ್ಮ ಎದುರಿಸಿದ್ದು ಅವನ ನೀತಿಯನ್ನಲ್ಲ. ಆ ನೀತಿಗೆ ಅವನ ಹೆಸರು ಅಂಟಿಕೊಳ್ಳುವ ಎರಡು ದಶಕಗಳಿಗೂ ಮೊದಲೇ ಕಂಪನಿ ಅಂಥ ಕೆಲಸಕ್ಕೆ ಇಳಿದಿತ್ತು ಎಂಬುದೇ ಕಿತ್ತೂರಿನ ಕಥೆಯ ತಿರುಳು.

ಇನ್ನೂ ಒಂದು ಸಂಗತಿ ಆ ಸಾಲಿನಲ್ಲಿ ಇಲ್ಲ. 1818ರಲ್ಲಿ ಪೇಶ್ವೆಗಳ ವಿರುದ್ಧ ಕಿತ್ತೂರು ಸಂಸ್ಥಾನ ಕಂಪನಿಗೆ ನೆರವಾಗಿತ್ತು. ಆದರೂ ಆರೇ ವರ್ಷಗಳಲ್ಲಿ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಅವನ ದತ್ತುಮಗನನ್ನು ಕಂಪನಿ ಒಪ್ಪಲಿಲ್ಲ. ಈ ‘ಆದರೂ’ ಎಂಬ ಪದವನ್ನು ಕಿತ್ತು ನೋಡಿ: ಉಳಿಯುವುದು ಒಂದು ಕೊಲೆ, ಒಂದು ಇಸವಿ. ‘ಆದರೂ’ ಇದ್ದರೆ ಅಲ್ಲಿ ನಂಬಿಕೆದ್ರೋಹ ಕಾಣುತ್ತದೆ, ಸಿಟ್ಟಿಗೆ ಕಾರಣ ಸಿಗುತ್ತದೆ. ಗೈಡು ಬಿಟ್ಟದ್ದು ವಿವರಗಳನ್ನಲ್ಲ. ಥ್ಯಾಕರೆಯ ಹೆಸರನ್ನೂ ಇಸವಿಯನ್ನೂ ಇಟ್ಟುಕೊಂಡು ‘ಆದರೂ’, ‘ಆದ್ದರಿಂದ’, ‘ಅಷ್ಟರಲ್ಲಿ’, ‘ಹೊರತು’ ಎಂಬ ಪದಗಳನ್ನು ಬಿಟ್ಟಿದೆ. ಇತಿಹಾಸ ಬದುಕುವುದು ಆ ಸಣ್ಣ ಪದಗಳಲ್ಲಿ.

ಸಂಕ್ಷೇಪವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕನ್ನಡದ ಬರವಣಿಗೆಯೇ ಸಂಕ್ಷೇಪದಿಂದ ಶುರುವಾದದ್ದು. ಹಲ್ಮಿಡಿ ಶಾಸನವನ್ನೇ ನೋಡಿ. ಒಟ್ಟು ಹದಿನಾರು ಸಾಲು. ಆದರೂ ಅಷ್ಟರಲ್ಲೇ ಕೊಟ್ಟವರು ಯಾರು, ಪಡೆದವನು ಯಾರು, ಯಾವ ಹಳ್ಳಿಗಳು, ಏಕೆ ಕೊಟ್ಟರು, ಇದನ್ನು ಕದ್ದವನಿಗೆ ಏನಾಗುತ್ತದೆ ಎಂಬುದೆಲ್ಲ ಇದೆ. ಯುದ್ಧದಲ್ಲಿ ಮೆರೆದ ವಿಜ ಅರಸನಿಗೆ ‘ಬಾಳ್ಗಳ್ಚು’ ಎಂದು, ಅಂದರೆ ಕತ್ತಿ ತೊಳೆದ ಗೌರವವೆಂದು, ಆ ಭೂಮಿ ಸಿಕ್ಕಿತು. ಕಲ್ಲಿನಲ್ಲಿ ಕಡೆಯುವವನಿಗೆ ಒಂದೊಂದು ಅಕ್ಷರವೂ ಬೆವರಿನ ಲೆಕ್ಕ. ಅಂಥವನೂ ಕಾರಣವನ್ನು ಬಿಡಲಿಲ್ಲ. ನನ್ನ ಗೈಡಿನಲ್ಲಿ ಅದು ‘ಮೊದಲ ಶಾಸನ – ಹಲ್ಮಿಡಿ – ಕ್ರಿ.ಶ. 450’ ಆಗಿದೆ. ಹದಿನಾರು ಸಾಲಿನ ಶಾಸನದಲ್ಲಿ ಉಳಿದದ್ದು ಒಂದೇ ಸಾಲು. ಅದರಲ್ಲೂ ಶಾಸನ ಹೇಳಿದ ಯಾವ ಮಾತೂ ಇಲ್ಲ.

ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ದ ಗತಿ ಇನ್ನೂ ವಿಚಿತ್ರ. 1917ರಲ್ಲಿ ಬಂದ ಆ ಪುಸ್ತಕವೂ ಒಂದು ರೀತಿಯಲ್ಲಿ ಸಂಗ್ರಹವೇ. ವಿದ್ವಾಂಸರು ಶಾಸನಗಳಿಂದ ಹೆಕ್ಕಿ ಬಿಡಿಬಿಡಿಯಾಗಿ ಬರೆದದ್ದನ್ನು ಆಲೂರರು ಕನ್ನಡದ ಸಾಮಾನ್ಯ ಓದುಗನಿಗಾಗಿ ಒಂದು ಕಡೆ ತಂದರು. ಅವರಿಗೆ ಒಂದು ಉದ್ದೇಶ ಇತ್ತು: ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು ಎಂದು ಹಂಚಿಹೋದ ಕನ್ನಡಿಗರು ತಾವು ಒಂದು ನಾಡಿನವರೆಂದು ತಿಳಿಯಬೇಕು. ಇವತ್ತು ಓದಿದರೆ ಅದರ ಮಿತಿಗಳು ಕಾಣುತ್ತವೆ. ಅಲ್ಲಿ ಅರಸರು ಹೆಚ್ಚು, ಒಕ್ಕಲು ಮಕ್ಕಳು ಕಡಿಮೆ. ವೈಭವ ಹುಡುಕಲು ಹೊರಟವರಿಗೆ ವೈಭವವೇ ಸಿಗುತ್ತದೆ. ಆಲೂರರಲ್ಲಿ ‘ಆದ್ದರಿಂದ’ ಅತಿಯಾಯಿತು ಎನ್ನಬಹುದು. ಆದರೆ ಅತಿಯಾದದ್ದರ ಜೊತೆ ವಾದ ಮಾಡಬಹುದು. ‘ಕರ್ನಾಟಕ ಗತವೈಭವ – ಆಲೂರು ವೆಂಕಟರಾವ್ – 1917’ ಎಂಬ ಸಾಲಿನ ಜೊತೆ ಯಾರು ಏನು ವಾದ ಮಾಡಲು ಸಾಧ್ಯ? ಒಂದು ನಾಡನ್ನು ಎಬ್ಬಿಸಲು ಬರೆದ ಪುಸ್ತಕ ಹೊಂದಿಸಿ ಬರೆಯಿರಿ ಪಟ್ಟಿಯ ಎಡಬದಿಯಲ್ಲಿ ಬಂದು ಕೂತಿದೆ.

ಗೈಡಿನ ಜೊತೆಗೆ ಅದರ ಮರಿಗಳೂ ಇವೆ. ಸಪ್ತಾಪುರದ ಓದುವ ಕೋಣೆಗಳಲ್ಲಿ ಅವಕ್ಕೆ ‘ಕೋಡ್’ ಎನ್ನುತ್ತಾರೆ. ರಾಜವಂಶಗಳಿಗೆ ನನ್ನ ರೂಮ್‌ಮೇಟ್ ಕಟ್ಟಿದ ಕೋಡ್ ‘ಕಗಚಾರಾಹೊ’: ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ. ನಾಲಿಗೆಯ ಮೇಲೆ ಸಲೀಸಾಗಿ ಹೊರಳುತ್ತದೆ, ಮರೆಯುವುದಿಲ್ಲ. ಆದರೆ ಇದು ರಾಜವಂಶಗಳನ್ನು ಪಡಿತರ ಅಂಗಡಿಯ ಸಾಲಿನಂತೆ ಒಂದರ ಹಿಂದೆ ಒಂದು ನಿಲ್ಲಿಸುತ್ತದೆ. ಗಂಗರು ಯಾರ ಹಿಂದೆಯೂ ನಿಂತವರಲ್ಲ. ನಾಲ್ಕನೆಯ ಶತಮಾನದಿಂದ ಹತ್ತನೆಯ ಶತಮಾನದ ಕೊನೆಯವರೆಗೆ ಕದಂಬರ ಪಕ್ಕದಲ್ಲಿ, ಆಮೇಲೆ ಬಾದಾಮಿ ಚಾಲುಕ್ಯರ ಪಕ್ಕದಲ್ಲಿ, ಆಮೇಲೆ ರಾಷ್ಟ್ರಕೂಟರ ಪಕ್ಕದಲ್ಲಿ, ಒಮ್ಮೆ ಕಾದಾಡುತ್ತ ಒಮ್ಮೆ ಬೀಗತನ ಮಾಡುತ್ತ ಬದುಕಿದವರು. ‘ಅದೇ ಹೊತ್ತಿಗೆ’ ಎಂಬ ಮಾತನ್ನು ಹೇಳಲು ಕೋಡಿಗೆ ಬಾಯಿಯಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಗೈಡನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಬೈಯುವವರು ಬಹುಪಾಲು ಮನೆಯಲ್ಲಿ ಪುಸ್ತಕದ ಕಪಾಟು ಇದ್ದವರು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಫ್ಲೀಟ್‌ ಬರೆದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಇಂಗ್ಲಿಷಿನಲ್ಲಿದೆ. ಪಿ.ಬಿ. ದೇಸಾಯಿಯವರ ಸಂಪಾದಕತ್ವದಲ್ಲಿ ಧಾರವಾಡದಲ್ಲೇ ಸಿದ್ಧವಾದ ಕರ್ನಾಟಕದ ಇತಿಹಾಸವೂ ಇಂಗ್ಲಿಷಿನಲ್ಲಿದೆ. ಕಬ್ಬಿನ ಗಾಡಿ ತುಂಬಿಸಿ ಬಂದು ರಾತ್ರಿ ಹತ್ತಕ್ಕೆ ಓದಲು ಕೂರುವ ಹುಡುಗನಿಗೆ, ತನ್ನ ಭಾಷೆಯಲ್ಲಿ, ಕೈಗೆಟುಕುವ ಬೆಲೆಗೆ, ಕದಂಬರಿಂದ ಏಕೀಕರಣದವರೆಗೆ ಒಂದು ದಾರಿ ತೋರಿಸುವುದು ಗೈಡು ಮಾತ್ರ. ಸೂತ್ರಗಳೂ ಹೀಗೇ ಚಿಕ್ಕವಾಗಿದ್ದವು. ಆದರೆ ಸೂತ್ರವನ್ನು ಬಿಡಿಸಿ ಹೇಳುವ ಗುರು ಎದುರಿಗೆ ಇರುತ್ತಿದ್ದ. ಗೈಡಿನ ಎದುರು ಕೂತವನು ಒಬ್ಬನೇ ಇರುತ್ತಾನೆ. ಕೊರತೆ ಇರುವುದು ಪುಸ್ತಕದಲ್ಲಿ ಮಾತ್ರವಲ್ಲ, ಅದರ ಪಕ್ಕದ ಖಾಲಿ ಕುರ್ಚಿಯಲ್ಲಿ.

ಆ ದೀಪಾವಳಿಯಲ್ಲಿ ಆ ಕುರ್ಚಿಯಲ್ಲಿ ಕೂತದ್ದು ನಮ್ಮ ಆಯಿ. ಏಕೀಕರಣದ ಪುಟವನ್ನು ತಂಗಿ ಗಟ್ಟಿಯಾಗಿ ಓದುತ್ತಿದ್ದಳು: ‘1956 ನವೆಂಬರ್ 1 – ವಿಶಾಲ ಮೈಸೂರು ರಾಜ್ಯ. ಮುಂಬಯಿ ಪ್ರಾಂತ್ಯದಿಂದ ಸೇರಿದ ಜಿಲ್ಲೆಗಳು – ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ.’ ಬತ್ತಿ ಹೊಸೆಯುತ್ತಿದ್ದ ಆಯಿ, “ಆ ವರ್ಷ ನನ್ನ ತವರು ಬ್ಯಾರೆ ರಾಜ್ಯಾ ಆತು” ಅಂದಳು.

ಆಯಿಯ ತವರು ದೂಧಗಂಗೆ ದಾಟಿದರೆ ಸಿಗುವ ಶಿರೋಳ ತಾಲ್ಲೂಕಿನ ಒಂದು ಹಳ್ಳಿ. 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾದ ಮೇಲೆ ಹುಟ್ಟಿದ ಊರೂ ಕೊಟ್ಟ ಊರೂ ಒಂದೇ ರಾಜ್ಯದಲ್ಲಿದ್ದವು. ಅವಳು ಮದುವೆಯಾಗಿ ಬಂದ ಕೆಲವು ವರ್ಷಕ್ಕೆ ಸದಲಗಾ ಮೈಸೂರು ರಾಜ್ಯಕ್ಕೆ ಸೇರಿತು. ತವರು ಮುಂಬಯಿಯಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರವಾಯಿತು. ಅಣ್ಣನ ಮಕ್ಕಳು ಮರಾಠಿ ಶಾಲೆಗೆ, ಅವಳ ಮಕ್ಕಳು ಕನ್ನಡ ಶಾಲೆಗೆ. ಇದನ್ನು ಅವಳು ದುಃಖವೆಂದು ಹೇಳಲಿಲ್ಲ. ತನ್ನ ಮಕ್ಕಳು ಕನ್ನಡ ಓದಿದ್ದಕ್ಕೆ ಅವಳಿಗೆ ಹೆಮ್ಮೆಯಿದೆ. ನಡೆದದ್ದನ್ನು ಹೇಳಿದಳು, ಅಷ್ಟೇ. ಹೇಳಿ ಮತ್ತೆ ಬತ್ತಿ ಹೊಸೆದಳು.

ರಾಜ್ಯ ಪುನರ್ವಿಂಗಡಣೆಯ ಕಾಯ್ದೆಯಲ್ಲಿ ಬೆಳಗಾವಿ ಜಿಲ್ಲೆಯ ಹೆಸರಿನ ಪಕ್ಕದಲ್ಲಿ ಚಂದಗಡ ತಾಲ್ಲೂಕು ಹೊರತು ಎಂಬ ಮಾತಿದೆ. ಒಣ ಕಾನೂನಿಗೂ ಆ ‘ಹೊರತು’ ಬೇಕಾಯಿತು, ಏಕೆಂದರೆ ಆ ಪದದ ಹಿಂದೆ ಒಂದು ಇಡೀ ತಾಲ್ಲೂಕಿನ ಜನ ಇದ್ದಾರೆ. 1967ರ ಮಹಾಜನ ವರದಿ ನಿಪ್ಪಾಣಿ ಮಹಾರಾಷ್ಟ್ರಕ್ಕೆ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಕಾಸರಗೋಡು ಕರ್ನಾಟಕಕ್ಕೆ ಎಂದಿತು. ಇವತ್ತಿಗೂ ಯಾವುದೂ ಎಲ್ಲಿಗೂ ಹೋಗಿಲ್ಲ. ನನ್ನ ಗೈಡಿನಲ್ಲಿ ‘ಹೊರತು’ ಇಲ್ಲ. ‘ಮಹಾಜನ ಆಯೋಗ – 1966’ ಇದೆ. ಗಡಿಯಲ್ಲಿ ಹುಟ್ಟಿದ ನಮಗೆ ಏಕೀಕರಣ ಎಂದರೆ ಕೂಡಿಸಿದ್ದೂ ಹೌದು, ಕತ್ತರಿಸಿದ್ದೂ ಹೌದು. ಎರಡನ್ನೂ ಒಟ್ಟಿಗೆ ಹೇಳಲು ಒಂದು ‘ಆದರೆ’ ಬೇಕು.

ಧಾರವಾಡಕ್ಕೆ ಮರಳಿದ ಮೇಲೆ ನಾನು ಹಸಿರು ಪೆನ್ನು ಕೊಂಡೆ. ಅಡ್ಡಗೆರೆಗಳ ಮೇಲೆ ಒಂದೊಂದೇ ಪದ ಬರೆಯುತ್ತ ಹೋದೆ: ‘ಆದರೂ’, ‘ಅದೇ ಹೊತ್ತಿಗೆ’, ‘ಇದಕ್ಕೂ ಮೊದಲು’. ಪದ ಹಾಕಬೇಕಾದರೆ ಗೊತ್ತಿರಬೇಕು. ಗೊತ್ತಿರದ ಕಡೆ ಗ್ರಂಥಾಲಯಕ್ಕೆ ಹೋಗಬೇಕಾಯಿತು. ಸೂರ್ಯನಾಥ ಕಾಮತರ ಕರ್ನಾಟಕದ ಸಂಕ್ಷಿಪ್ತ ಇತಿಹಾಸವನ್ನು ನಾನು ಮೊದಲ ಸಲ ಪೂರ್ತಿ ಓದಿದ್ದು ಈ ಗೈಡಿನ ದೆಸೆಯಿಂದ. ಆದರೆ ನಿಜ ಹೇಳಬೇಕು: ಪರೀಕ್ಷೆಯ ಕೋಣೆಯಲ್ಲಿ ಹಸಿರು ಪದಗಳು ಅಷ್ಟಾಗಿ ನೆರವಿಗೆ ಬರಲಿಲ್ಲ. ಗಡಿಯಾರ ಓಡುವಾಗ ಕೈಗೆ ಬೇಗ ಸಿಕ್ಕಿದ್ದು ಕೆಂಪು ಸುತ್ತುಗಳೇ.

ಹಾಗಾಗಿ ನನ್ನ ತಕರಾರು ಗೈಡು ಬರೆಯುವವರಿಗಿಂತ ಪ್ರಶ್ನೆ ತೆಗೆಯುವವರ ಮೇಲೆ ಹೆಚ್ಚು. ಗೈಡು ಹಳೆಯ ಪ್ರಶ್ನೆಪತ್ರಿಕೆಯನ್ನು ನೋಡಿ ಹುಟ್ಟುತ್ತದೆ. ಇಸವಿ ಕೇಳಿದರೆ ಇಸವಿ ಕೊಡುತ್ತದೆ. ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲೂ ಕಾರಣ ಕೇಳಬಹುದು, ಯಾವುದು ಮೊದಲು ಯಾವುದು ಆಮೇಲೆ ಎಂದು ಕೇಳಬಹುದು. ಕಿತ್ತೂರು ಮೊದಲೋ ಡಾಲ್‌ಹೌಸಿ ಮೊದಲೋ ಎಂದು ಮೇಲಿಂದ ಮೇಲೆ ಕೇಳತೊಡಗಲಿ, ಮರುವರ್ಷದ ಗೈಡಿನಲ್ಲಿ ‘ಇದಕ್ಕೂ ಮೊದಲು’ ಎಂಬ ಮಾತು ತಾನಾಗಿ ಬರುತ್ತದೆ.

ಈಗ ಆ ಗೈಡು ತಂಗಿಯ ಹತ್ತಿರ ಇದೆ. ಹೋದ ತಿಂಗಳು ಊರಿಗೆ ಹೋದಾಗ ತೆರೆದು ನೋಡಿದೆ. ಏಕೀಕರಣದ ಪುಟದಲ್ಲಿ, ನಾಲ್ಕು ಜಿಲ್ಲೆಗಳ ಹೆಸರಿನ ಕೆಳಗೆ, ಅವಳ ಗುಂಡು ಅಕ್ಷರದಲ್ಲಿ ಆಯಿಯ ತವರಿನ ಹೆಸರಿದೆ. ಅದರ ಪಕ್ಕ ಅಡ್ಡಗೆರೆ ಹಾಕಿಲ್ಲ. ಒಂದು ಪೂರ್ತಿ ವಾಕ್ಯ ಬರೆದಿದ್ದಾಳೆ, ಕ್ರಿಯಾಪದದ ಸಮೇತ.