ಸಂಗೀತ ವಿದ್ಯಾಲಯ ಮತ್ತು ನೀಲಗಾರರ ಕಲಿಕೆ: ಒಂದು ವಿವೇಚನೆ

ಯಾವುದು ಸಂಗೀತ, ಯಾರು ಗುರು ಎಂಬುದನ್ನು ನಿರ್ಧರಿಸುವ ಅಧಿಕಾರ ಇಂದು ಬಹುಮಟ್ಟಿಗೆ ಶಿಕ್ಷಣ ಸಂಸ್ಥೆಗಳ ಕೈಯಲ್ಲಿದೆ. ಮಂಡ್ಯ ನಗರದೊಳಗೆ ಸೇರಿಹೋಗಿರುವ ಗುತ್ತಲಿನ ವಿದ್ಯಾರ್ಥಿಯೊಬ್ಬರು ಹಾಡುಗಾರಿಕೆಯನ್ನು ಕಲಿಯಬಯಸಿದರೆ ಎದುರಿಗೆ ಎರಡು ದಾರಿಗಳಿವೆ. ಒಂದು, ಮೈಸೂರಿನಲ್ಲಿ 2008-09ರಲ್ಲಿ ರೂಪುಗೊಂಡ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯದ ದಾರಿ. ಇನ್ನೊಂದು, ಮಳವಳ್ಳಿ ಸೀಮೆಯ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠಕ್ಕೆ ನಡೆದುಕೊಳ್ಳುವ ನೀಲಗಾರರ ದಾರಿ.

ಸಂಗೀತ ವಿದ್ಯಾಲಯದ ಕೊಡುಗೆಯನ್ನು ಅಲ್ಲಗಳೆಯುವಂತಿಲ್ಲ. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದಾಗ, ಮನೆತನಗಳ ಹಿಡಿತದಲ್ಲಿದ್ದ ವಿದ್ಯೆ ಹೊರಗಿನವರಿಗೂ ದೊರೆಯುವಂತಾಯಿತು. ಆದರೆ ತರಗತಿ, ಪಠ್ಯಕ್ರಮ, ಸ್ವರಲಿಪಿ, ಪರೀಕ್ಷೆಗಳ ಚೌಕಟ್ಟು ಹಾಡನ್ನು ಅದರ ಸಂದರ್ಭದಿಂದ ಬಿಡಿಸಿತೆಂಬುದೂ ಅಷ್ಟೇ ನಿಜ. ಮೈಸೂರಿನ ವಿಶ್ವವಿದ್ಯಾಲಯ ಯಾರ ಹೆಸರನ್ನು ಹೊತ್ತಿದೆಯೋ ಆ ಗಂಗೂಬಾಯಿಯವರು ಕಲಿತದ್ದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು, ಸವಾಯಿ ಗಂಧರ್ವರ ಎದುರು ಕುಳಿತು ಎಂಬುದು ಇಲ್ಲಿ ಗಮನಾರ್ಹ.

ನೀಲಗಾರರ ಕಲಿಕೆಗೆ ದೀಕ್ಷೆಯೇ ಪ್ರವೇಶ. ಬಹುಪಾಲು ತಳಸಮುದಾಯಗಳಿಂದ ಬಂದ ಇವರು ತಂಬೂರಿ, ಡಕ್ಕೆ, ಗಗ್ಗರ, ತಾಳಗಳೊಡನೆ ಇರುಳಿಡೀ ಮಂಟೇಸ್ವಾಮಿ ಕಾವ್ಯವನ್ನು ಹಾಡುತ್ತಾರೆ. ಹಿಮ್ಮೇಳದಲ್ಲಿ ಸೊಲ್ಲು ಹಿಡಿಯುತ್ತ, ಮುಮ್ಮೇಳದವರ ಉಸಿರನ್ನು ಅನುಸರಿಸುತ್ತ ಕಾವ್ಯದ ಸಾಲುಗಳು ಕಿವಿಯಿಂದಲೇ ಮನಸ್ಸಿಗೆ ಇಳಿಯುತ್ತವೆ. ಕೇಳುಗರು ಇಲ್ಲಿ ಬರಿಯ ಸಭಿಕರಲ್ಲ, ಒಕ್ಕಲಿನವರು. ಕಥೆ ಅವರಿಗೆ ಮೊದಲೇ ಗೊತ್ತು; ತಪ್ಪಿದರೆ ತಿದ್ದುವವರೂ ಅವರೇ. ಹಾಡು, ನಂಬಿಕೆ, ನಡೆ ಮೂರೂ ಒಂದೇ ಪಾಠದ ಭಾಗಗಳಾಗಿವೆ.

ಇಂತಹ ಪರಂಪರೆಯನ್ನು ವಿದ್ಯಾಲಯವು ‘ಜನಪದ ಸಂಗೀತ’ವೆಂಬ ಒಂದು ಪತ್ರಿಕೆಯಾಗಿ ಅಳವಡಿಸಿಕೊಂಡರೆ ಉಳಿಯುವುದು ಧಾಟಿ ಮಾತ್ರ. ಇರುಳಿನ ಹಾಡಿಕೆ ಹತ್ತು ನಿಮಿಷದ ತುಣುಕಾಗುತ್ತದೆ. ಕಾವ್ಯವನ್ನು ಬಾಯಲ್ಲಿ ಹೊತ್ತವರು ಪದವಿಯಿಲ್ಲದ ಕಾರಣ ಅತಿಥಿಗಳಾಗಿ ಬಂದು ಹಾಡಿ ಹೋಗುತ್ತಾರೆ; ಅವರಿಂದ ಕೇಳಿ ಬರೆದುಕೊಂಡವರು ಬೋಧಕರಾಗುತ್ತಾರೆ. ಗೌರವದ ಹೆಸರಿನಲ್ಲಿ ನಡೆಯುವ ಈ ಹಸ್ತಾಂತರವನ್ನು ಸಂರಕ್ಷಣೆಯೆಂದು ಕರೆಯುವುದು ಕಷ್ಟ.

ಹಾಗೆಂದು ವಿದ್ಯಾಲಯ ಈ ಪರಂಪರೆಯಿಂದ ದೂರವಿರಬೇಕೆಂದಲ್ಲ, ಅದು ಹಾಡಿಕೆ ನಡೆಯುವಲ್ಲಿಗೆ ಹೋಗಬೇಕು. ಪರೀಕ್ಷೆಯ ಒಂದು ಭಾಗವಾದರೂ ಇರುಳಿನ ಹಾಡಿಕೆಯಲ್ಲಿ, ಒಕ್ಕಲಿನ ಎದುರು ನಡೆಯಬೇಕು. ಅಂಕ ನೀಡುವವರ ಸಾಲಿನಲ್ಲಿ ಪದವಿಯಿಲ್ಲದ ನೀಲಗಾರರಿಗೂ ಸಮನಾದ ಸ್ಥಾನ ದೊರೆಯಬೇಕು.