‘ಹಿಡಿದದ್ದು’ ಮತ್ತು ‘ಬಿಟ್ಟದ್ದು’: ‘ಶರಪಂಜರ’ದ ಮರು ಓದು

ಹೈದರಾಬಾದಿನ ಆಡುಮಾತಿನಲ್ಲಿ ‘ಎರ್ರಗಡ್ಡ’ ಎಂಬುದು ಒಂದು ಬಡಾವಣೆಯ ಹೆಸರಾಗಿ ಮಾತ್ರ ಉಳಿದಿಲ್ಲ. ಅಲ್ಲಿರುವ ಮಾನಸಿಕ ಆಸ್ಪತ್ರೆಯ ಕಾರಣದಿಂದ ಅದು ಬೈಗುಳಕ್ಕೂ ಗೇಲಿಗೂ ಒದಗಿಬಂದಿದೆ. ತಮಿಳಿನಲ್ಲಿ ಕೀಳ್ಪಾಕ್ಕಂ, ಮಲಯಾಳದಲ್ಲಿ ಕುದಿರವಟ್ಟಂ, ಹಿಂದಿಯಲ್ಲಿ ಆಗ್ರಾ ಮತ್ತು ರಾಂಚಿ ಇದೇ ಕೆಲಸ ಮಾಡುತ್ತವೆ. ಕನ್ನಡಿಗರೂ ಇದಕ್ಕೆ ಹೊರತಲ್ಲ. ಉತ್ತರದವರಿಗೆ ಧಾರವಾಡ, ದಕ್ಷಿಣದವರಿಗೆ ನಿಮ್ಹಾನ್ಸ್. ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲಾರದ ಸಮಾಜ ಊರಿನ ಹೆಸರನ್ನು ಹೇಳುತ್ತದೆ. ಹಾಗೆ ಹೇಳುತ್ತಲೇ, ಆ ಊರಿಗೆ ಚಿಕಿತ್ಸೆಗಾಗಿ ಹೋಗಬೇಕಾದವರ ದಾರಿಗೆ ಅಡ್ಡ ನಿಲ್ಲುತ್ತದೆ.

ಈ ಮೌನವನ್ನು ಕನ್ನಡ ಸಾಹಿತ್ಯ ಎದುರಿಸಿದ ಬಗೆ ಯಾವುದು? ಕರ್ನಾಟಕದ ಹೊರಗಿದ್ದು ಕನ್ನಡವನ್ನು ಅಭ್ಯಸಿಸುವ ನಾವು ಈ ಪ್ರಶ್ನೆಯನ್ನು ತ್ರಿವೇಣಿಯವರ ‘ಶರಪಂಜರ’ದ ಮೂಲಕ ಕೇಳಿಕೊಳ್ಳುವುದು ಉಚಿತವೆಂದು ತೋರುತ್ತದೆ. ತ್ರಿವೇಣಿ (ಅನಸೂಯಾ ಶಂಕರ್, 1928-1963) ಮನಶ್ಶಾಸ್ತ್ರವನ್ನು ಓದಿಕೊಂಡಿದ್ದ ಲೇಖಕಿ. ‘ಬೆಕ್ಕಿನ ಕಣ್ಣು’ ಮೊದಲಾದ ಕಾದಂಬರಿಗಳಲ್ಲಿಯೂ ಅವರ ಗಮನ ಮನಸ್ಸಿನ ಅಸ್ವಾಸ್ಥ್ಯದ ಕಡೆಗೇ ಇದೆ. ಆದರೆ ‘ಶರಪಂಜರ’ದಲ್ಲಿ ಅವರು ಎತ್ತಿದ ಪ್ರಶ್ನೆ ರೋಗಕ್ಕಿಂತ ಮುಂದಿನದು. ಗುಣವಾದ ಮೇಲೆ ಏನು ಎಂಬುದೇ ಆ ಪ್ರಶ್ನೆ.

ಕಥೆ ಪರಿಚಿತವಾದುದು. ಗೃಹಿಣಿಯಾದ ಕಾವೇರಿ ಹೆರಿಗೆಯ ನಂತರ ಮಾನಸಿಕ ಅಸ್ವಸ್ಥತೆಗೆ ಒಳಗಾಗುತ್ತಾಳೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಆದರೆ ಮನೆ ಅವಳನ್ನು ಮರಳಿ ಪಡೆಯುವುದಿಲ್ಲ. ಅವಳ ಮಾತು, ನಗು, ಸಿಟ್ಟು ಎಲ್ಲವೂ ಹಳೆಯ ರೋಗದ ಲಕ್ಷಣವಾಗಿಯೇ ಇತರರಿಗೆ ಕಾಣತೊಡಗುತ್ತವೆ. ಗಂಡನ ಮನಸ್ಸು ಬೇರೆಡೆಗೆ ತಿರುಗಿರುವುದು ತಿಳಿದಾಗ ಅವಳು ಮತ್ತೆ ಕುಸಿಯುತ್ತಾಳೆ.

ಇಲ್ಲಿ ಕನ್ನಡದ ವಾಕ್ಯರಚನೆಯೊಂದನ್ನು ಗಮನಿಸಬೇಕು. ‘ಅವಳಿಗೆ ಹುಚ್ಚು ಹಿಡಿದಿದೆ’ ಎಂದು ನಾವು ಹೇಳುತ್ತೇವೆ. ಈ ವಾಕ್ಯದಲ್ಲಿ ವ್ಯಕ್ತಿ ಚತುರ್ಥಿಯಲ್ಲಿದ್ದಾಳೆ. ಹುಚ್ಚು ಹೊರಗಿನಿಂದ ಬಂದು ಹಿಡಿದದ್ದು. ಹಿಡಿದದ್ದು ಬಿಡಲೂಬಹುದು, ‘ಹುಚ್ಚು ಬಿಟ್ಟಿತು’ ಎನ್ನುವುದೂ ಸಹಜ ಕನ್ನಡವೇ. ಆದರೆ ‘ಅವಳು ಹುಚ್ಚಿ’ ಎಂದಾಗ ರೋಗವೇ ವ್ಯಕ್ತಿಯ ಹೆಸರಾಗಿಬಿಡುತ್ತದೆ. ಅಲ್ಲಿ ಬಿಡುಗಡೆಗೆ ಕ್ರಿಯಾಪದವೇ ಇಲ್ಲ. ಕಾವೇರಿಯ ದುರಂತವಿರುವುದು ಈ ಎರಡು ವಾಕ್ಯಗಳ ನಡುವೆ. ವೈದ್ಯರು ಅವಳನ್ನು ‘ಹಿಡಿದದ್ದ’ರಿಂದ ‘ಬಿಟ್ಟದ್ದ’ಕ್ಕೆ ತಂದರು. ನೆರೆಹೊರೆಯವರು, ಬಂಧುಗಳು, ಕೊನೆಗೆ ಗಂಡನೂ ಅವಳನ್ನು ನಾಮಪದದಲ್ಲಿಯೇ ಉಳಿಸಿದರು.

ಭಾಷೆಯ ಬಳಿ ಇದಕ್ಕಿಂತ ಸೂಕ್ಷ್ಮವಾದ ಪದವೂ ಇತ್ತು. ಹೆರಿಗೆಯ ನಂತರದ ಇಂತಹ ಸ್ಥಿತಿಗೆ ನಮ್ಮ ಹಳ್ಳಿಗಳಲ್ಲಿ ‘ಬಾಣಂತಿ ಸನ್ನಿ’ ಎನ್ನುತ್ತಾರೆ. ಈ ಪದ ರೋಗವನ್ನು ಜೀವಿತದ ಒಂದು ಅವಧಿಗೆ ಸೇರಿಸುತ್ತದೆ. ಬಾಣಂತನ ಮುಗಿಯುವಂತೆ ಸನ್ನಿಯೂ ಮುಗಿಯಬಲ್ಲುದೆಂಬ ಸೂಚನೆ ಅದರಲ್ಲಿದೆ. ಹೆರಿಗೆಯಾದ ಸಾವಿರ ಮಂದಿಯಲ್ಲಿ ಒಬ್ಬರು ಅಥವಾ ಇಬ್ಬರಲ್ಲಿ ಕಾಣಿಸಿಕೊಳ್ಳುವ ಈ ತೀವ್ರ ಸ್ಥಿತಿ ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿಯೇ ತಲೆದೋರುತ್ತದೆಂದೂ, ಸಕಾಲದ ಚಿಕಿತ್ಸೆಯಿಂದ ಗುಣವಾಗುತ್ತದೆಂದೂ ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಆದರೆ ನಾಡಿನ ಗಾದೆಯ ದಾರಿ ಬೇರೆ. ‘ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು’ ಎಂಬ ಮಾತನ್ನು ನಗುತ್ತಲೇ ಹೇಳಿಕೊಂಡು ಬಂದಿದ್ದೇವೆ. ಮದುವೆಯನ್ನೇ ಮದ್ದೆಂದು ನಂಬಿ ಎಷ್ಟು ಮನೆಗಳು ವಿಷಯವನ್ನು ಮುಚ್ಚಿಟ್ಟವೋ, ಆ ನಗೆಯಲ್ಲಿ ಅದರ ಲೆಕ್ಕವಿಲ್ಲ. ತ್ರಿವೇಣಿ ಈ ಗಾದೆಯನ್ನು ತಲೆಕೆಳಗು ಮಾಡಿದರು. ಅವರ ಕಾದಂಬರಿಯಲ್ಲಿ ಹುಚ್ಚು ಬಿಟ್ಟಿದೆ. ಸಂಸಾರವೇ ಅದನ್ನು ಮತ್ತೆ ಕರೆತರುತ್ತದೆ.

ಆದರೂ ಕೃತಿಯ ಮಿತಿಯನ್ನು ಹೇಳದಿರಲಾಗದು. ಕಾವೇರಿಯ ಅಸ್ವಸ್ಥತೆಯ ಹಿಂದೆ ಮದುವೆಗೆ ಮುಂಚಿನ ಘಟನೆಯೊಂದರ ಅಪರಾಧಭಾವವನ್ನು ಲೇಖಕಿ ಇಟ್ಟಿದ್ದಾರೆ. ಅಂದಿನ ಮನಶ್ಶಾಸ್ತ್ರದ ಓದಿಗೆ ಇದು ಸಹಜವಾಗಿತ್ತು. ಆದರೆ ಈ ರೋಗದಲ್ಲಿ ಶರೀರದ ಬದಲಾವಣೆಗಳ, ವಂಶವಾಹಿಯ, ಹಿಂದಿನ ಮನೋರೋಗದ ಪಾತ್ರ ದೊಡ್ಡದೆಂಬುದು ಇಂದು ತಿಳಿದಿದೆ. ಗುಟ್ಟೊಂದನ್ನು ಕಾರಣವಾಗಿ ಇಟ್ಟೊಡನೆ, ರೋಗವನ್ನು ಶಿಕ್ಷೆಯೆಂದು ಓದುವವರಿಗೆ ಅವಕಾಶ ದೊರೆಯಿತು. ಲೇಖಕಿಯ ಅನುಕಂಪ ಓದುಗನ ನೀತಿಪಾಠವಾಗುವ ಅಪಾಯ ಇಲ್ಲಿದೆ.

1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಚಲನಚಿತ್ರವಾಗಿಸಿದರು. ಕಲ್ಪನಾ ಅವರ ಅಭಿನಯದಿಂದ ಕಾವೇರಿ ಮನೆಮಾತಾದಳು. ವಿಷಯ ಬೀದಿಗೆ ಬಂದದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಪ್ರೇಕ್ಷಕರ ನೆನಪಿನಲ್ಲಿ ಬಹುಮಟ್ಟಿಗೆ ಉಳಿದುದು ಕೊನೆಯ ಉನ್ಮಾದ. ಮಧ್ಯದ ಆರೋಗ್ಯ ಮರೆತುಹೋಯಿತು. ನಮ್ಮ ದೃಷ್ಟಿಯಲ್ಲಿ ಕೃತಿಯ ಹೃದಯವಿರುವುದು ಆ ಮಧ್ಯಭಾಗದಲ್ಲಿ: ಕಾವೇರಿ ಸ್ವಸ್ಥಳಾಗಿದ್ದು, ಅದನ್ನು ದಿನವೂ ರುಜುವಾತು ಮಾಡಬೇಕಾಗಿ ಬಂದ ದಿನಗಳಲ್ಲಿ.

ವಿಮರ್ಶೆಯೂ ಈ ಭಾಗವನ್ನು ಸಾಕಷ್ಟು ನೋಡಲಿಲ್ಲ. ‘ಮನೋವೈಜ್ಞಾನಿಕ ಕಾದಂಬರಿ’, ‘ಜನಪ್ರಿಯ ಕಾದಂಬರಿ’ ಎಂಬ ಎರಡು ಚೀಟಿಗಳನ್ನು ಅಂಟಿಸಿ ಮುಂದೆ ಸಾಗಿತು. ಇದೇ ಮಾತಿಗೆ ಇನ್ನೊಂದು ಸಾಕ್ಷಿ ಡಾ. ಎಂ. ಶಿವರಾಂ. ಮನೋರೋಗಗಳನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆದರೂ ಕನ್ನಡಿಗರು ಅವರನ್ನು ಹೆಚ್ಚಾಗಿ ನೆನೆಯುವುದು ‘ಕೊರವಂಜಿ’ಯ ರಾಶಿಯವರೆಂದು, ನಗೆಬರಹದ ಪ್ರವರ್ತಕರೆಂದು. ಡಾ. ಸಿ. ಆರ್. ಚಂದ್ರಶೇಖರ್ ಅವರಂತಹ ಮನೋವೈದ್ಯರು ಸರಳ ಕನ್ನಡದಲ್ಲಿ ಬರೆದ ಅಪಾರ ಸಾಹಿತ್ಯವನ್ನು ಓದುಗರು ಎತ್ತಿಕೊಂಡರು. ಗದ್ಯವಿಮರ್ಶೆ ಅದನ್ನು ತನ್ನ ವ್ಯಾಪ್ತಿಗೆ ಸೇರಿಸಿಕೊಂಡದ್ದು ಕಡಿಮೆ. ರೋಗಕ್ಕೆ ಅಂಟಿದ ಕಳಂಕ ಅದನ್ನು ಕುರಿತ ಬರಹಕ್ಕೂ ಸ್ವಲ್ಪ ಅಂಟಿತೇ ಎಂದು ಕೇಳಬೇಕಾಗಿದೆ.

ಈ ನಡುವೆ ಕಾನೂನು ಮುಂದೆ ಸಾಗಿದೆ. 1912ರ ಕಾಯಿದೆಯ ಹೆಸರಿನಲ್ಲಿಯೇ ಹುಚ್ಚು ಎಂಬರ್ಥದ ಪದವಿತ್ತು. 1987ರ ಕಾಯಿದೆ ಅದನ್ನು ಕೈಬಿಟ್ಟಿತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದು ವಿಧಿಸುತ್ತದೆ. ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗೇ ಇರುವ ಚಿಕಿತ್ಸಾ ವಿಭಾಗ 2009ರಲ್ಲಿಯೇ ಆರಂಭವಾಯಿತು. ಕಾವೇರಿಗೆ ಇಂತಹ ಆಸರೆ ಇರಲಿಲ್ಲ. ಆದರೆ ಅವಳನ್ನು ನೋಯಿಸಿದ ಮಾತುಗಳನ್ನು ಯಾವ ಕಾಯಿದೆಯೂ ತಿದ್ದಲಾರದು. ಅದು ಭಾಷೆಯನ್ನು ಬಳಸುವವರ, ಅಭ್ಯಸಿಸುವವರ ಹೊಣೆ.

ಹೊರನಾಡಿನ ಸಂಶೋಧಕರಿಗೆ ಇಲ್ಲೊಂದು ಕೆಲಸ ಕಾದಿದೆ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಭಾಗದ ಕನ್ನಡ ಕುಟುಂಬಗಳು ಇಂದಿಗೂ ಈ ನಗರದಲ್ಲಿವೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇದಕ್ಕೆ ಗುರುತು. ‘ಜೀವಕ್ಕ ಬ್ಯಾಸರ’, ‘ಮನಸ್ಸಿಗಿ ಹಚ್ಚಿಕೊಂಡಾರ’, ‘ಗಾಳಿ ಸೋಕ್ಯದ’ ಎಂಬ ಮಾತುಗಳಲ್ಲಿ ಸಂಕಟ ಹೇಳುವವರು ತೆಲುಗು ಇಲ್ಲವೆ ಉರ್ದು ಬಲ್ಲ ವೈದ್ಯರ ಮುಂದೆ ಅದನ್ನು ಹೇಗೆ ದಾಟಿಸುತ್ತಾರೆ? ಉರ್ದುವಿನಲ್ಲಿ ಮಿದುಳು, ಬುದ್ಧಿ ಎಂಬರ್ಥದ ‘ದಿಮಾಗ್’ ಕನ್ನಡಕ್ಕೆ ಬಂದು ಸೊಕ್ಕಿನ ‘ದಿಮಾಕು’ ಆದುದನ್ನು ನೋಡಿದರೆ, ದಾಟುವಿಕೆಯಲ್ಲಿ ಅರ್ಥ ಎಷ್ಟು ಪಲ್ಲಟಗೊಳ್ಳಬಲ್ಲುದೆಂದು ತಿಳಿಯುತ್ತದೆ. ಸಂಕಟದ ಈ ಪದಕೋಶವನ್ನು ಸಂಗ್ರಹಿಸುವುದು ಉಪಭಾಷಾ ಅಧ್ಯಯನಕ್ಕೂ ಚಿಕಿತ್ಸೆಗೂ ಏಕಕಾಲದಲ್ಲಿ ನೆರವಾದೀತು.

ಹೆರಿಗೆಯ ಮನೋರೋಗವನ್ನು ಕಾದಂಬರಿಯ ನಡುಮನೆಗೆ ತಂದ ತ್ರಿವೇಣಿ 1963ರಲ್ಲಿ ತಾವೇ ತಾಯಿಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟುಹೋದ ಮಾತು ಇನ್ನೂ ಹಾಗೆಯೇ ಇದೆ. ಕಾವೇರಿಗೆ ಹಿಡಿದದ್ದು ಬಿಟ್ಟಿತ್ತು. ನಮ್ಮ ಭಾಷೆಗೆ ಹಿಡಿದದ್ದು ಬಿಟ್ಟಿದೆಯೇ ಎಂಬುದನ್ನು ನಾವು ಪರಿಶೀಲಿಸಬೇಕಾಗಿದೆ.